ಕಿವಿಗಳ ದೇಶದಲ್ಲಿ ವನ್ಸ್ ಮೋರ್

ನ್ಯೂಜಿಲೆಂಡಿನವರು ತಮ್ಮನ್ನು ತಾವೇ ಕಿವಿಗಳೆಂದು ಕರೆದುಕೊಳ್ಳುತ್ತಾರೆ. ಹಾರಲಾರದ ಒಂದು ಹಕ್ಕಿಯ ಹೆಸರಂತೆ ಅದು. ಆದರೆ ಕನ್ನಡದವನಿಗೆ ಕಿವಿ ಎಂದರೆ ಕಿವಿಯೇ. ಇಂಥ ಕಿವಿಗಳ ದೇಶಕ್ಕೆ ಬಂದು ಮಗನ ಮನೆಯಲ್ಲಿ ನೆಲೆಸಿದ ದಾವಣಗೆರೆಯ ಕೇಶವಮೂರ್ತಿಗಳಿಗೆ ಇದ್ದ ಕೊರತೆ ಒಂದೇ. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಪೂರ್ತಿ ಕಿವುಡರೇನಲ್ಲ. ಹಾಗಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಅನ್ನುವವರು ಯಾರೂ ಇರಲಿಲ್ಲ ಎಂಬುದು ಬೇರೆ ಮಾತು. ತಾವು ನಿವೃತ್ತರಾದ ಸುಮಾರಿಗೆ ಲೋಕದ ಜನರೆಲ್ಲ ಮಾತಾಡಿಕೊಂಡವರಂತೆ ಒಟ್ಟಿಗೇ ಗೊಣಗಲು ಶುರುಮಾಡಿದರು ಎಂಬುದು ಅವರ ಸಿದ್ಧಾಂತ. ಮೊದಲು ಬ್ಯಾಂಕಿನ ಕ್ಲರ್ಕು ಗೊಣಗಿದ. ಆಮೇಲೆ ಟಿವಿಯಲ್ಲಿ ವಾರ್ತೆ ಓದುವ ಹುಡುಗಿ ಗೊಣಗಿದಳು. ಕೊನೆಗೆ ಅಡಿಗೆಮನೆಯ ಕುಕ್ಕರ್ ಕೂಡ ಸೀಟಿ ಹಾಕುವುದನ್ನು ಬಿಟ್ಟು ಗೊಣಗತೊಡಗಿತು.

ಅದಕ್ಕೂ ಮೊದಲು ಅವರು ಆಯುಷ್ಯದ ಮುಕ್ಕಾಲು ಪಾಲನ್ನು ಹತ್ತಿ ಗಿರಣಿಯ ನೇಯ್ಗೆ ವಿಭಾಗದಲ್ಲಿ ಸೂಪರ್‌ವೈಸರ್ ಆಗಿ ಕಳೆದವರು. ಸಾಲುಗಟ್ಟಿ ನಿಂತ ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಆ ಶೆಡ್ಡಿನಲ್ಲಿ ಜನ ಬಾಯಿ ಬಿಡುತ್ತಿದ್ದರೇ ಹೊರತು ದನಿ ಬಿಡುತ್ತಿರಲಿಲ್ಲ. ಬಿಟ್ಟರೂ ವ್ಯರ್ಥ. ಎಲ್ಲ ಕಾರುಬಾರು ತುಟಿಯಲ್ಲಿ, ಹುಬ್ಬಿನಲ್ಲಿ, ಬೆರಳಿನಲ್ಲಿ. ಶೆಡ್ಡಿನ ಆ ತುದಿಯಲ್ಲಿ ಯಾವನೋ ತಮ್ಮನ್ನು ಬೈದರೆ ಈ ತುದಿಯಲ್ಲಿ ನಿಂತೇ ಓದಿಕೊಂಡು, ಅಲ್ಲಿಂದಲೇ ಉತ್ತರ ಕೊಡಬಲ್ಲವರಾಗಿದ್ದರು. ಮಗ್ಗಗಳು ಅವರ ಕಿವಿಯನ್ನು ಕಿತ್ತುಕೊಂಡವು, ನಿಜ. ಆದರೆ ಸುಮ್ಮನೆ ಕಿತ್ತುಕೊಳ್ಳಲಿಲ್ಲ, ಬದಲಿಗೆ ಕಣ್ಣು ಕೊಟ್ಟವು. ಎದುರಿಗೆ ಕೂತು ಕನ್ನಡ ಮಾತಾಡಿದರೆ ಕೇಶವಮೂರ್ತಿಗಳು ಒಂದಕ್ಷರ ಬಿಡುತ್ತಿರಲಿಲ್ಲ.

ಪೇಚಾಟ ಶುರುವಾದದ್ದು ಮಗನ ಊರಾದ ಮನುಕಾವ್‌ಗೆ ಬಂದಮೇಲೆ. ಈ ದೇಶದ ಜನ ತುಟಿ ಅಲ್ಲಾಡಿಸದೆ ಮಾತಾಡುತ್ತಾರೆ. ಸಮುದ್ರದ ಗಾಳಿ ಬಾಯೊಳಗೆ ಹೊಕ್ಕು ಹಲ್ಲು ಜುಮ್ಮೆಂದೀತು ಎಂಬ ಭಯವಿರಬೇಕು. ಅಲ್ಲಿಯೇ ಹುಟ್ಟಿದ ಮೊಮ್ಮಗಳು ನಿಧಿಯೂ ಅದೇ ಜಾತಿ. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಅರ್ಧ ತುಟಿಯಲ್ಲಿ. ಆದರೂ ಅಜ್ಜ ಸಂಭಾಳಿಸುತ್ತಿದ್ದರು. ಎಲ್ಲರೂ ನಕ್ಕಾಗ ನಗುವುದು. ಎಲ್ಲರೂ ಸುಮ್ಮನಾದಾಗ "ಹೌದೌದು, ಕಾಲ ಹಂಗೈತೆ" ಎನ್ನುವುದು. ಈ ಒಂದು ವಾಕ್ಯ ಸರಿಹೊಂದದ ಸಂದರ್ಭ ಅವರಿಗೆ ಇನ್ನೂ ಎದುರಾಗಿರಲಿಲ್ಲ.

ಹೆಂಡತಿ ವಸುಂಧರಾ ಅವರಿಗೆ ಮಾತ್ರ ಒಂದು ಕೆಟ್ಟ ಚಟವಿತ್ತು. ಮಗ ಲೋಹಿತ್, ಸೊಸೆ ಕೃತಿ, ಯಾರೇ ಏನೇ ಹೇಳಲಿ, ಗಂಡನ ಕಡೆ ತಿರುಗಿ ಅದನ್ನೇ ಇನ್ನೊಂದು ಸಲ ಹೇಳುವುದು. "ನೋಡ್ರಿ, ಕೃತಿ ಏನಂತಾಳೆ, ನಾಳೆ ಆಸ್ಪತ್ರೆ ಡ್ಯೂಟಿ ಐತಂತೆ." "ನೋಡ್ರಿ, ಲೋಹಿತ ಕೇಳ್ತಾನೆ, ಸಾರು ಬೇಕೇನಂತ." ಕೇಶವಮೂರ್ತಿಗಳು ಎಷ್ಟೋ ಸಲ ರೇಗಿದ್ದರು. "ಹೇಳಿದ್ದನ್ನೇ ಎಷ್ಟು ಸಲ ಹೇಳ್ತೀಯೇ? ನನಗೇನು ಕಿವುಡಾ?"

"ಇಲ್ಲಪ್ಪ, ನನಗೇ ವಯಸ್ಸಾತು, ಮರೀತೀನಿ" ಎಂದು ಆಕೆ ಸುಮ್ಮನಾಗುತ್ತಿದ್ದರು. ಮರುಕ್ಷಣ ಮತ್ತೆ ಅದೇ.

ಇಷ್ಟೆಲ್ಲ ಹೆಣಗಾಟ ಯಾತಕ್ಕೆ ಎಂದರೆ ಒಂದು ಹಳದಿ ಜಾಕೆಟ್ಟಿಗಾಗಿ.

ನಿಧಿಯ ಶಾಲೆಯಲ್ಲಿ 'ವಾಕಿಂಗ್ ಸ್ಕೂಲ್ ಬಸ್' ಎಂಬ ಏರ್ಪಾಟಿದೆ. ಅದರಲ್ಲಿ ಬಸ್ಸಿಲ್ಲ. ಬೀದಿಯ ಮಕ್ಕಳೆಲ್ಲ ಸಾಲಾಗಿ ನಡೆಯುತ್ತಾರೆ. ಹಿಂದೆ ಮುಂದೆ ದೊಡ್ಡವರೊಬ್ಬರು ಹೊಳೆಯುವ ಹಳದಿ ಜಾಕೆಟ್ ತೊಟ್ಟು ಕಾಯುತ್ತಾರೆ. ಕೇಶವಮೂರ್ತಿಗಳ ಬೀದಿಗೆ ಅವರೇ ಬಸ್ಸು. ಬೆಳಿಗ್ಗೆ ಅದನ್ನು ತೊಟ್ಟು ಗೇಟಿನಿಂದ ಹೊರಬಿದ್ದರೆ ಕಾರುಗಳು ನಿಲ್ಲುತ್ತಿದ್ದವು, ಬಿಳಿಯ ತಾಯಂದಿರು "ಮಾರ್ನಿಂಗ್, ಕೇಶವ್" ಎನ್ನುತ್ತಿದ್ದರು. ಮಗನ ಮನೆಯಲ್ಲಿ ಅವರು ತಂದೆ, ಮಾವ, ಅಜ್ಜ, ಎಲ್ಲವೂ ಹೌದು. ಆದರೆ ಅವು ಸ್ಥಾನಗಳು. ಜಾಕೆಟ್ಟು ಕೆಲಸ. ಅದು ಹೋದರೆ ತಾವು ಸೋಫಾದ ಮೇಲಿನ ದಿಂಬುಗಳ ಲೆಕ್ಕಕ್ಕೆ ಸೇರುತ್ತೇವೆಂದು ಅವರಿಗೆ ಗೊತ್ತಿತ್ತು.

ಜನವರಿ ರಜೆ ಮುಗಿದು ಶಾಲೆ ಶುರುವಾದ ಹೊಸತರಲ್ಲಿ ಒಂದು ಘಟನೆಯಾಗಿತ್ತು. ಅವರು ಮುಂದೆ ನಡೆಯುತ್ತಿದ್ದಾಗ ಹಿಂದಿನಿಂದ ಯಾರೋ ಜಾಕೆಟ್ ಹಿಡಿದು ಜಗ್ಗಿದರು. ನಿಂತರು. ಮೂಗಿನ ಮುಂದೆಯೇ ಒಂದು ಯೂಟ್, ಹಿಂದೆ ಸಾಮಾನಿನ ತೊಟ್ಟಿ ಇರುವ ಆ ಗಾಡಿ, ಮನೆಯ ಡ್ರೈವ್‌ವೇಯಿಂದ ಹಿಮ್ಮುಖವಾಗಿ ಸರ್ರನೆ ಹೊರಬಂತು. ಜಗ್ಗಿದವಳು ನಿಧಿ. "ಅಜ್ಜ, ಇಟ್ ವೆಂಟ್ ಬೀಪ್ ಬೀಪ್, ಡಿಡಂಟ್ ಯು ಹಿಯರ್?" ಎಂದು ಮುಂದೆ ಬಂದು ನಿಂತು ಕೇಳಿದಳು.

"ಏನೋ ಯೋಚನೆ ಮಾಡ್ತಿದ್ದೆ ಪುಟ್ಟಿ" ಎಂದರು.

ಅವಳು ನಂಬಿದಳು. ಯೂಟ್‌ಗಿಂತ ಅದೇ ಅವರನ್ನು ಹೆಚ್ಚು ಕಾಡಿತು. ಮನೆಯಲ್ಲಿ ಹೇಳಲಿಲ್ಲ. ಅವತ್ತಿನಿಂದ ಪ್ರತಿ ಡ್ರೈವ್‌ವೇ ಮುಂದೆಯೂ ನಿಂತು, ಬಗ್ಗಿ, ಕಳ್ಳನಂತೆ ಇಣುಕಿ ನೋಡಿ ಮುಂದೆ ಹೋಗತೊಡಗಿದರು. ಮಕ್ಕಳು ಅದೊಂದು ಆಟವೆಂದುಕೊಂಡು ತಾವೂ ಬಗ್ಗಿದವು.

ಇಂಥ ಕಾಲದಲ್ಲಿ ಅವರ ಮದುವೆಯ ವಾರ್ಷಿಕೋತ್ಸವ ಬಂತು. ಊಟಕ್ಕೆ ಕೂತಿದ್ದಾಗ ಲೋಹಿತ್ ಮೊಸರಿಗಾಗಿ ಫ್ರಿಜ್ಜಿನೊಳಗೆ ತಲೆ ಹಾಕಿ ಏನೋ ಹೇಳಿದ. ಕೇಶವಮೂರ್ತಿಗಳ ಕಿವಿಗೆ ಬಿದ್ದದ್ದು ಎರಡೇ ಮಾತು. ಒಂದು 'ಶನಿವಾರ', ಇನ್ನೊಂದು 'ಆಪರೇಷನ್'.

ಅವರ ಕೈಯ ತುತ್ತು ಅಲ್ಲೇ ನಿಂತಿತು. ಗೊತ್ತಾಗಿಹೋಯಿತು! ಕೂಸು ಯೂಟ್ ಕಥೆ ಹೇಳಿಬಿಟ್ಟಿದೆ.

"ಅಷ್ಟು ಅರ್ಜೆಂಟ್ ಏನಿತ್ತಪ್ಪ?" ಎಂದರು, ಆದಷ್ಟು ಸಹಜವಾಗಿ.

ಲೋಹಿತ್ ಈಗ ಮೊಸರಿನ ಡಬ್ಬಿಯೊಂದಿಗೆ ಎದುರಿಗೆ ಬಂದು ಕೂತ. "ಲೇಟ್ ಮಾಡಿದ್ರೆ ಸಿಗಲ್ಲಪ್ಪ. ಹೋದ ವರ್ಷಾನೇ ಟ್ರೈ ಮಾಡಿದ್ದೆ. ಇಬ್ಬರಿಗೂ ಬುಕ್ ಮಾಡಿಬಿಟ್ಟೆ."

"ಇಬ್ಬರಿಗೂ ಯಾಕೆ? ನಿಮ್ಮಮ್ಮಗೇನಾಗೈತೆ?"

"ಅಮ್ಮನ್ನ ಬಿಟ್ಟು ನೀವೊಬ್ರೇ ಹೋಗ್ತೀರಾ? ಚೆನ್ನಾಗಿದೆ!"

"ಎಷ್ಟೊತ್ತು ಹಿಡಿಯುತ್ತಂತೆ?"

"ಮೂರು ಗಂಟೆ ಆಗುತ್ತೆ. ಮಧ್ಯದಲ್ಲಿ ದೊಡ್ಡ ಬ್ರೇಕ್ ಕೊಡ್ತಾರೆ, ಅಲ್ಲೇ ಊಟ ಮಾಡ್ಬಹುದು."

"ಮಧ್ಯದಲ್ಲಿ ಊಟಾನಾ?"

"ಹೂಂ, ಗಾರ್ಡನ್‌ನಲ್ಲಿ. ಬ್ಲಾಂಕೆಟ್ ಹಾಸ್ಕೊಂಡು. ಎಲ್ರೂ ವೈನ್ ತರ್ತಾರೆ."

ಈ ದೇಶದ ವೈದ್ಯಕೀಯ ಇಷ್ಟು ಮುಂದುವರಿದಿದೆ ಎಂದು ಅವರಿಗೆ ತಿಳಿದಿರಲಿಲ್ಲ. ಅಷ್ಟರಲ್ಲಿ ವಸುಂಧರಾ ತಟ್ಟೆ ಸರಿಸಿ, ಗಂಡನ ಕಡೆ ಪೂರ್ತಿ ತಿರುಗಿದರು. "ನೋಡ್ರಿ, ಆ-ಪೆ-ರಾ ಅಂತೆ. ಹಾಡಿಕೊಂತ ಆಡೋ ನಾಟಕ. ನಮ್ಮ ಕಂಪನಿ ನಾಟಕ ಇದ್ದಂಗೆ. ಯಾವುದೋ ಹಳೇ ಬಂಗ್ಲೆ ಅಂಗಳದಾಗೆ ಆಡ್ತಾರಂತೆ. ಟಿಕೆಟ್ ತಂದಾನೆ ಮಗ."

ಕೇಶವಮೂರ್ತಿಗಳಿಗೆ ಹೋದ ಜೀವ ಬಂತು. "ಅದೇ, ಆಪೆರಾ. ನಾನೇನು ಬೇರೆ ಅಂದ್ನಾ?" ಎಂದು ತುತ್ತನ್ನು ಬಾಯಿಗಿಟ್ಟರು.

"ನೀವು ಕಂಪನಿ ನಾಟಕದ ಕಥೆ ಹೇಳ್ತಿದ್ರಲ್ಲಪ್ಪ, ಚಿಕ್ಕವನಿದ್ದಾಗ" ಎಂದ ಲೋಹಿತ್. "ಅದಕ್ಕೇ ತಂದೆ. ಫ್ರಂಟ್ ರೋ."

ಆ ಕಥೆಗಳನ್ನು ಅವರು ಸಾವಿರ ಸಲ ಹೇಳಿದ್ದರು. ದಾವಣಗೆರೆಯಲ್ಲಿ ಡೇರೆ ಹಾಕಿ ತಿಂಗಳುಗಟ್ಟಲೆ ಬೀಡುಬಿಡುತ್ತಿದ್ದ ಕಂಪನಿಗಳು, ನೆಲದ ಕ್ಲಾಸಿನ ಚಾಪೆ, ಹಾಡು ಮೆಚ್ಚಿಗೆಯಾದರೆ ಡೇರೆ ಹಾರಿಹೋಗುವಂತೆ "ವನ್ಸ್ ಮೋರ್!" ಎಂಬ ಕೂಗು. ಕೂಗಿದರೆ ಮುಗಿಯಿತು, ನಟ ಮತ್ತೆ ಹಾಡಲೇಬೇಕು. ಒಮ್ಮೆ ಯುದ್ಧದಲ್ಲಿ ಬಾಣ ತಗುಲಿ ಸತ್ತ ರಾಜಕುಮಾರನ ಕೊನೆಯ ಹಾಡಿಗೆ ವನ್ಸ್ ಮೋರ್ ಬಿತ್ತು. ಹೆಣ ಎದ್ದು ಕೂತು ಹಾಡಿ ಮತ್ತೆ ಸತ್ತಿತು. ಮತ್ತೆ ವನ್ಸ್ ಮೋರ್. ಮತ್ತೆ ಎದ್ದಿತು. ಕೊನೆಗೆ ಕೊಂದವನಿಗೇ ಕಾಲು ನೋವು ಬಂದು ರಂಗದ ಮೇಲೇ ಕೂತುಬಿಟ್ಟ. ಸಾವಿಗೆ ಕೂಡ 'ಇನ್ನೊಂದ್ಸಲ' ಎನ್ನಬಹುದಾಗಿದ್ದ ಕಾಲ ಅದು.

ನಾಟಕವೇನೋ ಸರಿ. ಆದರೆ ಕೇಶವಮೂರ್ತಿಗಳಿಗೆ ರಾತ್ರಿ ಹಗಲು ಒಂದೇ ದಿಗಿಲು. ಮೂರು ಗಂಟೆ ಹೊತ್ತು, ಮೊದಲ ಸಾಲಿನಲ್ಲಿ, ಅಪರಿಚಿತರ ನಡುವೆ ಕೂತು ಕೇಳಿಸಿಕೊಳ್ಳಬೇಕು. ಬಂದಮೇಲೆ ಮಗ ಕೇಳುತ್ತಾನೆ, ಹೇಗಿತ್ತಪ್ಪ? "ಕಾಲ ಹಂಗೈತೆ" ಎಂದರೆ ನಡೆಯದು.

ಶನಿವಾರ ಮಧ್ಯಾಹ್ನ ಲೋಹಿತ್ ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ದಕ್ಷಿಣಕ್ಕೆ ಹೊರಟ. ಬಾಂಬೆ ಹಿಲ್ಸ್ ಎಂಬ ಗುಡ್ಡಸಾಲು ದಾಟಿದರು. ದಾವಣಗೆರೆಯಿಂದ ಬಾಂಬೆಗೆ ಹೋಗಲು ಆಗದೇ ಉಳಿದ ಆಸೆಯನ್ನು ದೇವರು ಹೀಗೆ ಅಗ್ಗವಾಗಿ ತೀರಿಸಿದ. ಆಚೆಗೆ ಹಸಿರು ಗುಡ್ಡ, ಕುರಿ, ಪಾಪ್ಲರ್ ಮರದ ಸಾಲು, ಕೊನೆಗೆ ಸುತ್ತ ಜಗಲಿಯಿದ್ದ ಬಿಳಿ ಮರದ ದೊಡ್ಡ ಮನೆ. ಆ ಜಗಲಿಯೇ ರಂಗ. ಮುಂದಿನ ಹುಲ್ಲುಹಾಸಿನ ಮೇಲೆ ಮಡಚುವ ಕುರ್ಚಿಗಳು, ಒಣಹುಲ್ಲಿನ ಟೋಪಿಗಳು. ಇದ್ದದ್ದು ಎರಡೇ ಟಿಕೆಟ್ಟಾದ್ದರಿಂದ ಲೋಹಿತ್ "ನಾನು ಪಾರ್ಕಿಂಗ್‌ನಲ್ಲಿ ಲ್ಯಾಪ್‌ಟಾಪ್ ತೆಗೊಂಡು ಕೂತಿರ್ತೀನಿ" ಎಂದು ಹೋದ.

ಆಟ ಶುರುವಾಯಿತು. ದಪ್ಪನೆಯ ಒಬ್ಬ ಗಂಡಸು ಬಂದು ಎದೆಯ ಮೇಲೆ ಕೈಯಿಟ್ಟು ಹಾಡಿದ. ಇಟಾಲಿಯನ್ ಅಂತೆ. ಸ್ವಲ್ಪ ಹೊತ್ತಿನಲ್ಲೇ ಕೇಶವಮೂರ್ತಿಗಳು ಒಂದು ಆಶ್ಚರ್ಯ ಕಂಡರು. ಯಾರಿಗೂ ಒಂದಕ್ಷರ ತಿಳಿಯುತ್ತಿಲ್ಲ! ಆಚೆಯವಳು ಈಚೆಯವನನ್ನು ನೋಡಿ ನಗುತ್ತಾಳೆ, ಈಚೆಯವನು ಹಿಂದಿನವರು ನಕ್ಕಮೇಲೆ ನಗುತ್ತಾನೆ, ಎಲ್ಲರೂ ಗಂಭೀರವಾಗಿ ತಲೆಯಾಡಿಸುತ್ತಾರೆ. ಆ ಮುಖಭಾವ ಅವರಿಗೆ ಚಿರಪರಿಚಿತ. ತಾವು ವರ್ಷಗಳಿಂದ ಊಟದ ಮೇಜಿನ ಮುಂದೆ ತೊಡುವ ಮುಖವದು. ಇಡೀ ಹುಲ್ಲುಹಾಸಿನ ತುಂಬ ಕೇಶವಮೂರ್ತಿಗಳೇ ಕೂತಿದ್ದರು. ಅವರು ಕಾಲು ನೀಡಿ ನೆಮ್ಮದಿಯಾಗಿ ಒರಗಿದರು.

ಬಿಡುವಿನಲ್ಲಿ ಜನ ಬುಟ್ಟಿ ಬಿಚ್ಚಿ ಚೀಸು, ವೈನು ಹರಡಿದರು. ವಸುಂಧರಾ ಸ್ಟೀಲ್ ಡಬ್ಬಿ ಬಿಚ್ಚಿದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ದಾವಣಗೆರೆಯವರು ಸ್ವರ್ಗಕ್ಕೆ ಹೋದರೂ ಬಾಗಿಲಲ್ಲಿ ಮೊದಲು ಇದನ್ನೇ ವಿಚಾರಿಸುವುದು. ಪಕ್ಕದ ಕುರ್ಚಿಯ ಮುದುಕ, ಗ್ರೇಮ್ ಎಂಬ ರೈತ, ಕತ್ತು ಚಾಚಿ ನೋಡಿದ. ಅವನಿಗೂ ಒಂದು ಬಜ್ಜಿ ಹೋಯಿತು. ಸಾಯುವ ದೃಶ್ಯಕ್ಕೆ ಮೊದಲೇ ಅವನ ಕಣ್ಣಲ್ಲಿ ನೀರು ಬಂತು.

ಆಮೇಲೆ ಇಬ್ಬರ ನಡುವೆ ಇಂಗ್ಲಿಷಿನಲ್ಲಿ ಬಹಳ ಒಳ್ಳೆಯ ಮಾತುಕತೆ ನಡೆಯಿತು. ಗ್ರೇಮ್ ಹೈನುಗಾರಿಕೆಯ ಬಗ್ಗೆ ಕೇಳಿದ. ಕೇಶವಮೂರ್ತಿಗಳು ಮಗ್ಗಗಳ ಬಗ್ಗೆ ಹೇಳಿದರು.

"ಒಟ್ಟು ಎಷ್ಟಿದ್ದವು?"

"ಮುನ್ನೂರು."

"ದಿನಕ್ಕೆ ಎರಡು ಸಲವೇ?"

"ಮೂರು ಪಾಳಿ. ಭಾನುವಾರ ರಜೆ."

ಗ್ರೇಮ್ ದಂಗಾದ. ಮುನ್ನೂರು ಹಸುಗಳನ್ನು ದಿನಕ್ಕೆ ಮೂರು ಸಲ ಕರೆದು, ಭಾನುವಾರ ಕರೆಯದೇ ಬಿಡುವ ಮನುಷ್ಯನನ್ನು ಅವನು ಕಂಡಿರಲಿಲ್ಲ. ಅಷ್ಟರಲ್ಲಿ ಅವನ ಕಿವಿಯಿಂದ ಕುಯ್ಯೆಂದು ಸದ್ದು ಬಂತಂತೆ. ವಸುಂಧರಾ ಬೆಚ್ಚಿದ್ದರಿಂದ ಕೇಶವಮೂರ್ತಿಗಳಿಗೆ ತಿಳಿಯಿತು. ಗ್ರೇಮ್ ಕಿವಿಯಿಂದ ಹುರಿಗಡಲೆಯಷ್ಟು ಸಣ್ಣ ಶ್ರವಣಯಂತ್ರ ತೆಗೆದು, ಪ್ಯಾಂಟಿಗೆ ಒರೆಸಿ, ಮತ್ತೆ ತುರುಕಿಕೊಂಡ. ಕಿವಿಯ ಕಡೆ ಬೆರಳು ಮಾಡಿ "ಟ್ರ್ಯಾಕ್ಟರ್" ಎಂದ. ಆಮೇಲೆ ಮುಖ ಮುಂದೆ ತಂದು, "ಸೇ ಅಗೇನ್, ಮೇಟ್?" ಎಂದ, ಎಲೆಯ ತುದಿಗೆ ಉಪ್ಪು ಬಡಿಸಿ ಎನ್ನುವಷ್ಟು ಸಲೀಸಾಗಿ.

ಕೇಶವಮೂರ್ತಿಗಳು ಅವನನ್ನೇ ನೋಡಿದರು. ಇಷ್ಟೇನಾ? ಕೇಳಿಬಿಡುವುದು ಇಷ್ಟು ಸುಲಭವಾಗಿತ್ತೇ?

ಕೊನೆಯ ಅಂಕದಲ್ಲಿ ನಾಯಕಿ ಸಾಯಲು ತೊಡಗಿದಳು. ಸಾಯುವವರು ಎಲ್ಲ ದೇಶದಲ್ಲೂ ಹಾಡಿಯೇ ಸಾಯುತ್ತಾರೆ. ಜಗಲಿಯ ಅಂಚಿಗೆ, ಅವರಿಗೆ ನಾಲ್ಕು ಮಾರು ದೂರಕ್ಕೆ, ಬೆತ್ತದ ಮಂಚ ತಂದು ಅವಳನ್ನು ಮಲಗಿಸಿದರು. ಅವಳು ತಲೆಯೆತ್ತಿ ಬಾಯಿ ತೆರೆದಳು. ಈ ದೇಶದಲ್ಲಿ ಅಷ್ಟು ದೊಡ್ಡದಾಗಿ ತೆರೆದ ಬಾಯನ್ನು ಅವರು ನೋಡಿಯೇ ಇರಲಿಲ್ಲ. ದನಿ ಬಂತು. ತುಣುಕಲ್ಲ, ಗೊಣಗಲ್ಲ, ಊಹಿಸಿ ಜೋಡಿಸಿಕೊಳ್ಳಬೇಕಾದ ಚೂರಲ್ಲ. ತುಟಿ ಓದಬೇಕಾಗಿರಲಿಲ್ಲ, ಮಾತೇ ತಿಳಿಯದ ಮೇಲೆ ಓದುವುದೇನು? ದನಿ ಇಡಿಯಾಗಿ ಬಂದು ಎದೆಗೆ ತಾಗಿತು. ಎಷ್ಟು ವರ್ಷವಾಗಿತ್ತು, ಯಾವುದಾದರೂ ಸದ್ದು ತಾನಾಗಿ ಅವರ ಬಳಿಗೆ ನಡೆದು ಬಂದು. ಅವಳು ಕೊನೆಯ ಸ್ವರವನ್ನು ಎಳೆದು, ಬಿಟ್ಟು, ತಲೆ ವಾಲಿಸಿ ಸತ್ತಳು.

"ವನ್ಸ್ ಮೋರ್!"

ತಾವು ಎದ್ದು ನಿಂತದ್ದೂ ಅವರಿಗೆ ಗೊತ್ತಾಗಲಿಲ್ಲ. ಎಷ್ಟು ದೊಡ್ಡದಾಗಿ ಕೂಗಿದೆವೆಂಬುದೂ ಗೊತ್ತಾಗಲಿಲ್ಲ, ಅದು ಗೊತ್ತಾಗುವ ಕಿವಿಯೇ ಇರಲಿಲ್ಲವಲ್ಲ. ಬೇಲಿಯಾಚೆಯ ಕುರಿಗಳು ತಲೆಯೆತ್ತಿದವು. ಪಿಯಾನೋದವನ ಕೈ ಅಲ್ಲೇ ನಿಂತಿತು. ಟೋಪಿಗಳೆಲ್ಲ ಒಂದೇ ಸಲಕ್ಕೆ ಇತ್ತ ತಿರುಗಿದವು. ಗ್ರೇಮ್ ಮಾತ್ರ "ಗುಡ್ ಆನ್ ಯು!" ಎಂದು ಚಪ್ಪಾಳೆ ತಟ್ಟಿದ; ಆಮೇಲೆ ಎಲ್ಲರೂ ತಟ್ಟಿದರು. ಜಗಲಿಯ ಹೆಣ ಕಣ್ಣು ಮುಚ್ಚಿಕೊಂಡೇ ನಕ್ಕಿತು. ಆದರೆ ಎದ್ದು ಕೂರಲಿಲ್ಲ, ಮತ್ತೆ ಹಾಡಲಿಲ್ಲ. ಇದು ದಾವಣಗೆರೆಯಲ್ಲ.

ಕೇಶವಮೂರ್ತಿಗಳು ನಾಚಿ ಕುಸಿದು ಕೂತರು. ವಸುಂಧರಾ ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯುವಂತಿರಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು, ಗಂಡನ ಕಡೆ ತಿರುಗಿ, ತುಟಿ ಕಾಣುವಂತೆ, ನಿಧಾನವಾಗಿ ಹೇಳಿದರು.

"ಈಕೆಗೆ ಅಷ್ಟು ದೊಡ್ಡದಾಗಿ ಕೇಳಿದ್ರಿ. ಇಷ್ಟು ವರ್ಷದಾಗೆ ಮನ್ಯಾಗೆ ಒಂದಿನಾನೂ ವನ್ಸ್ ಮೋರ್ ಅನ್ಲಿಲ್ಲ ನೀವು. ನೀವು ಕೇಳದೇನೇ ನಾನು ಎಲ್ಲಾನೂ ಎರಡೆರಡು ಸಲ ಹೇಳಿಕೊಂತ ಬಂದೆ."

ಅವರಿಗೆ ಆಕೆಯನ್ನು ಬೈದದ್ದೆಲ್ಲ ಒಂದೊಂದಾಗಿ ನೆನಪಾಯಿತು. "ಯಾವಾಗಿಂದ ಗೊತ್ತು ನಿನಗೆ?"

"ಕುಕ್ಕರ್ ಸೀಟಿ ನಿಂತಾಗಿಂದ" ಎಂದರು ವಸುಂಧರಾ.

ವಾಪಸು ಬರುವಾಗ ಲೋಹಿತ್ ಸ್ಟಿಯರಿಂಗ್ ಹಿಡಿದುಕೊಂಡೇ ಏನೋ ಕೇಳಿದ. ಹಿಂದಿನ ಸೀಟಿನಲ್ಲಿದ್ದ ಕೇಶವಮೂರ್ತಿಗಳಿಗೆ ಕಂಡದ್ದು ಅವನ ಹಿಂದಲೆ ಮಾತ್ರ. ವಸುಂಧರಾ ಅಭ್ಯಾಸದಂತೆ ತಿರುಗಿದರು, ಆದರೆ ಬಾಯಿ ಬಿಡಲಿಲ್ಲ. ಕಾದರು.

"ವನ್ಸ್ ಮೋರ್" ಎಂದರು ಕೇಶವಮೂರ್ತಿಗಳು.

ಲೋಹಿತ್ ನಕ್ಕು ಗಟ್ಟಿಯಾಗಿ ಹೇಳಿದ. "ಅದು ಪಾರ್ಕಿಂಗ್ ತನಕ ಕೇಳಿಸ್ತಪ್ಪ! ಮುಂದಿನ ವರ್ಷಾನೂ ಬುಕ್ ಮಾಡ್ಲಾ ಅಂದೆ."

"ಅದಕ್ಕಿಂತ ಮೊದಲು ಆ ಇನ್ನೊಂದು ಬುಕ್ ಮಾಡಪ್ಪ. ಆಪರೇಷನ್ನೋ, ಯಂತ್ರಾನೋ, ಯಾವುದಾಗುತ್ತೋ ಅದು. ನನಗೆ ಕಿವಿ ಕೇಳಿಸಲ್ಲ."

ಆಮೇಲೆ ಯೂಟ್ ಕಥೆಯನ್ನೂ ಹೇಳಿದರು. ಲೋಹಿತ್ ಬಾಂಬೆ ಹಿಲ್ಸ್ ಬಳಿ ಮೋಟರ್‌ವೇ ಬಿಟ್ಟಿಳಿದು, ಪೆಟ್ರೋಲ್ ಬಂಕಿನ ಪಕ್ಕ ಕಾರು ನಿಲ್ಲಿಸಿದ. ಬೆಲ್ಟ್ ಬಿಚ್ಚಿ ಪೂರ್ತಿ ಹಿಂದಕ್ಕೆ ತಿರುಗಿ, ಅಪ್ಪನಿಗೆ ಮುಖ ಕೊಟ್ಟು ಕೂತ. ಅವನ ತುಟಿ ಸ್ವಲ್ಪ ನಡುಗುತ್ತಿದ್ದುದನ್ನು ಕೇಶವಮೂರ್ತಿಗಳು ಓದಿಕೊಂಡರು.

"ಜಾಕೆಟ್ ವಾಪಸ್ ಕೊಟ್ಟುಬಿಡ್ತೀನಿ" ಎಂದರು ಅವರೇ.

ಬೇಡಪ್ಪ, ಪರವಾಗಿಲ್ಲ ಎಂದು ಮಗ ಹೇಳಬಹುದೆಂದು ಒಂದು ಕ್ಷಣ ಕಾದರು. ಅವನು ಹೇಳಲಿಲ್ಲ. ಹೇಳದೇ ಇದ್ದದ್ದು ಸ್ಪಷ್ಟವಾಗಿ ಕೇಳಿಸಿತು. "ಥ್ಯಾಂಕ್ಸ್ ಅಪ್ಪ" ಎಂದಷ್ಟೇ ಅಂದು, ಅವರ ಮೊಣಕಾಲು ತಟ್ಟಿ, ಮತ್ತೆ ಮುಂದಕ್ಕೆ ತಿರುಗಿದ.

ಸೋಮವಾರ ಬೆಳಿಗ್ಗೆ ಹಳದಿ ಜಾಕೆಟ್ ವಸುಂಧರಾ ಅವರ ಸೀರೆಯ ಮೇಲೆ ಹೊರಟಿತು. ಕಿವಿಯ ಪರೀಕ್ಷೆಯಾಗಿ ಯಂತ್ರ ಬರುವವರೆಗೆ ಈ ಏರ್ಪಾಟು. ಆಮೇಲೆ ನೋಡೋಣ ಎಂದಿದ್ದರು ಶಾಲೆಯವರು. 'ಆಮೇಲೆ ನೋಡೋಣ' ಎಂಬುದಕ್ಕೆ ಎಲ್ಲ ಭಾಷೆಯಲ್ಲೂ ಅರ್ಥ ಒಂದೇ ಎಂದು ಕೇಶವಮೂರ್ತಿಗಳಿಗೆ ಗೊತ್ತಿತ್ತು. ಜಾಕೆಟ್ಟಿಲ್ಲದ ಬೆನ್ನಿಗೆ ಗಾಳಿ ಸ್ವಲ್ಪ ಹೆಚ್ಚೇ ತಾಗಿತು. ಕಾರುಗಳು ಈಗ ವಸುಂಧರಾಗೆ ನಿಂತವು. ಬಿಳಿಯ ತಾಯಂದಿರು ಆಕೆಗೆ ಮಾರ್ನಿಂಗ್ ಹೇಳಿದರು. ಆಕೆ ಪೊಲೀಸ್ ಇನ್‌ಸ್ಪೆಕ್ಟರನಂತೆ ಕೈಯೆತ್ತಿ ಗಾಡಿ ತಡೆಯುವುದನ್ನು ನೋಡಿ, ಇವಳಿಗೆ ಈ ಕೆಲಸ ತಮಗಿಂತ ಚೆನ್ನಾಗಿ ಒಪ್ಪುತ್ತದಲ್ಲ ಎಂದು ಅವರಿಗೆ ಕಿಂಚಿತ್ ಹೊಟ್ಟೆಕಿಚ್ಚೂ ಆಯಿತು. ಅವರು ಸಾಲಿನ ಕೊನೆಯಲ್ಲಿ ನಿಧಿಯ ಚೀಲ ಹೊತ್ತು ಪ್ರಯಾಣಿಕರಾಗಿ ನಡೆದರು.

ನಿಧಿ ಹಿಂದಿರುಗಿ ಏನೋ ಹೇಳಿದಳು, ಅರ್ಧ ತುಟಿಯಲ್ಲಿ.

'ಕಾಲ ಹಂಗೈತೆ' ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ, ಬಗ್ಗಿ, ಮುಖವನ್ನು ಅವಳ ಮುಖದ ಮಟ್ಟಕ್ಕೆ ತಂದು, "ವನ್ಸ್ ಮೋರ್?" ಎಂದರು.

ಅವಳಿಗೆ ಆ ಮಾತು ಬಹಳ ಹಿಡಿಸಿತು. ಬಾಯನ್ನು ಆ ಆಪೆರಾದವಳಷ್ಟೇ ದೊಡ್ಡದಾಗಿ ತೆರೆದು, ಬೀದಿಗೆಲ್ಲ ಕೇಳಿಸುವಂತೆ, ಅಪರೂಪಕ್ಕೆ ಕನ್ನಡದಲ್ಲೇ ಕೂಗಿ ಹೇಳಿದಳು:

"ಅಜ್ಜಾ, ನಿನ್ ಶೂ ಲೇಸ್ ಬಿಚ್ಚಿದೆ!"